ಸಂತೆಗೆ ಮೂರು ಮೊಳ

ಅವಸರದಲ್ಲಿ ಹೇಗೋ ಮುಗಿಸಿದ ಕೆಲಸವನ್ನು ನಮ್ಮಲ್ಲಿ ‘ಸಂತೆಗೆ ಮೂರು ಮೊಳ ನೇಯ್ದ ಹಾಗೆ’ ಎನ್ನುತ್ತಾರೆ. ನಾನು ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿದವನು. ಈ ಗಾದೆಯನ್ನು ಯಾರಾದರೂ ಆಡಿದರೆ ನಮ್ಮ ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಸಂತೆಗೆ ಒಯ್ಯುವ ಖಣವನ್ನೇ ನೆಟ್ಟಗೆ ನೇಯಬೇಕು, ಯಾಕೆಂದರೆ ಅಲ್ಲಿ ಕೊಳ್ಳುವವಳು ಬೆರಳಲ್ಲಿ ತಿಕ್ಕಿ ನೋಡುತ್ತಾಳೆ, ಮೋಸವಾದರೆ ಮುಂದಿನ ವಾರ ಅದೇ ಜಾಗಕ್ಕೆ ಬಂದು ನಾಲ್ಕು ಮಂದಿಯ ಎದುರು ಕೇಳುತ್ತಾಳೆ ಎಂಬುದು ಅವರ ವಾದ. ಗಾದೆ ಕಟ್ಟಿದವನು ನೇಕಾರನಾಗಿರಲಿಕ್ಕೆ ಸಾಧ್ಯವೇ ಇಲ್ಲ ಎಂದು ಕಡೆತನಕ ನಂಬಿದ್ದರು.

ಮಗ್ಗ ಬಿಟ್ಟು ಕುಂಚ ಹಿಡಿದು, ಧಾರವಾಡದ ಕಡೆ ಡ್ರಾಯಿಂಗ್ ಮಾಸ್ತರಿಕೆ ಮಾಡಿ ನಿವೃತ್ತನಾದ ನನಗೆ, ಬೆಂಗಳೂರಿನ ಚಿತ್ರಸಂತೆಗೆ ಅರ್ಜಿ ಹಾಕುವ ಮಾತು ಬಂದಾಗಲೆಲ್ಲ ಈ ಗಾದೆ ನೆನಪಾಗುತ್ತದೆ. ಈ ಸಲ ಮಾತು ತೆಗೆದವನು ನನ್ನ ಹಳೆಯ ವಿದ್ಯಾರ್ಥಿ. ಖಾಸಗಿ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾನೆ. ಚೌಕಟ್ಟು, ಪ್ರಯಾಣ, ಎರಡು ರಾತ್ರಿಯ ವಸತಿ ಎಲ್ಲ ಸೇರಿದರೆ ಅವನ ಒಂದು ತಿಂಗಳ ಸಂಬಳ ಹೋಗುತ್ತದೆ. ಮನೆಯಲ್ಲಿ ಮಗಳ ಫೀಸು ಕಟ್ಟುವುದು ಬಾಕಿ ಇದೆ. ‘ಹೋಗಿ ಬಂದ್ರ ಏನರ ಉಪಯೋಗ ಐತೇನ್ರಿ ಸರ?’ ಎಂದು ಕೇಳಿದ. ಥಟ್ಟನೆ ಹೌದು ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಬೀದಿಯಲ್ಲಿ ಚಿತ್ರ ತೂಗುಹಾಕಿದವರಿಗೆ ಹಿಂದೆ ಏನು ಸಿಕ್ಕಿತ್ತು ಎಂದು ಯೋಚಿಸುತ್ತ ಕೂತೆ.

ಮೊದಲು ನೆನಪಾದದ್ದು ಹದಿನೆಂಟನೆಯ ಶತಮಾನದ ಪ್ಯಾರಿಸ್. ಸೇನ್ ನದಿಯ ನಡುಗಡ್ಡೆಯ ತುದಿಯಲ್ಲಿ ಪ್ಲಾಸ್ ದೋಫೀನ್ ಎಂಬ ತ್ರಿಕೋನಾಕಾರದ ಚೌಕವಿದೆ. ವರ್ಷಕ್ಕೊಮ್ಮೆ, ಬೇಸಿಗೆಯ ಆರಂಭದಲ್ಲಿ ಬರುವ ಕ್ರೈಸ್ತರ ಹಬ್ಬವೊಂದರ ಗುರುವಾರ ಅಲ್ಲಿ ಮೆರವಣಿಗೆ ನಡೆಯುತ್ತಿತ್ತು. ಮೆರವಣಿಗೆಗಾಗಿ ಮನೆಗಳ ಮುಂದೆ ಚಿತ್ತಾರದ ಜಮಖಾನೆಗಳನ್ನು ಇಳಿಬಿಡುತ್ತಿದ್ದರು. ಆ ಜಮಖಾನೆಗಳ ಮೇಲೆ ತರುಣ ಕಲಾವಿದರು ತಮ್ಮ ಚಿತ್ರಗಳನ್ನು ತೂಗುಹಾಕುತ್ತಿದ್ದರು. ಅವಧಿ ಬೆಳಗಿನ ಕೆಲವೇ ಗಂಟೆ. ಮಳೆ ಬಂದರೆ ಎಂಟು ದಿನ ಬಿಟ್ಟು ಮುಂದಿನ ಗುರುವಾರ. ಇದಕ್ಕೆ ‘ತರುಣರ ಪ್ರದರ್ಶನ’ ಎಂಬ ಹೆಸರೇ ಬಿದ್ದಿತ್ತು.

ಅವರು ಬೀದಿಗೆ ಬಂದದ್ದು ಬೀದಿಯ ಮೇಲಿನ ಪ್ರೀತಿಯಿಂದಲ್ಲ. 1648ರಲ್ಲಿ ಹುಟ್ಟಿದ ರಾಜಾಶ್ರಯದ ಅಕಾಡೆಮಿಯ ಬಾಗಿಲು ಹೊರಗಿನವರಿಗೆ ಮುಚ್ಚಿತ್ತು. ಅಕಾಡೆಮಿಯವರ ಸಲೋನ್ ಪ್ರದರ್ಶನಗಳೂ 1704ರ ನಂತರ ನಿಂತಂತೆಯೇ ಆಗಿದ್ದವು. 1725ರ ಒಂದು ಸಣ್ಣ ಪ್ರದರ್ಶನ ಬಿಟ್ಟರೆ 1737ರವರೆಗೆ ಜನ ಚಿತ್ರ ನೋಡಲು ಸಲೋನ್ ಇರಲಿಲ್ಲ. ಹೀಗಿರುವಾಗ ಗುರುತಿಲ್ಲದ ಹುಡುಗನೊಬ್ಬ ನಾಲ್ಕು ಕಣ್ಣುಗಳಿಗೆ ಬೀಳಬೇಕಾದರೆ ಈ ಚೌಕಕ್ಕೇ ಬರಬೇಕಾಗಿತ್ತು.

1728ರಲ್ಲಿ ಅಲ್ಲಿಗೆ ಬಂದವರಲ್ಲಿ ಶಾರ್ದಾಂ ಒಬ್ಬ. ಬಡಗಿಯ ಮಗ, ವಯಸ್ಸು ಇಪ್ಪತ್ತೆಂಟು. ಅವನು ತೂಗುಹಾಕಿದ ಚಿತ್ರಗಳಲ್ಲಿ ಒಂದು, ಹೊಟ್ಟೆ ಸೀಳಿ ಕೊಕ್ಕೆಗೆ ನೇತುಹಾಕಿದ ಮೀನಿನದು. ನಮ್ಮ ಕರಾವಳಿಯವರು ತೊರಕೆ ಎನ್ನುತ್ತಾರಲ್ಲ, ಆ ಜಾತಿಯ ಮೀನು. ಅದರ ಬಿಳಿಯ ಅಡಿಭಾಗ ನೋವುಂಡ ಮನುಷ್ಯನ ಮುಖದ ಹಾಗೆ ಕಾಣುತ್ತದೆ. ಕೆಳಗೆ ತೆರೆದಿಟ್ಟ ಸಿಂಪಿಗಳು, ಅವುಗಳ ಮೇಲೆ ಬೆನ್ನು ಸೆಟೆಸಿ ನಿಂತ ಒಂದು ಬೆಕ್ಕಿನ ಮರಿ, ಪಕ್ಕದಲ್ಲಿ ಹೂಜಿ, ಚಾಕು. ಪುರಾಣ, ಯುದ್ಧ, ರಾಜರ ಚಿತ್ರಗಳೇ ಉತ್ತಮ, ಅಡುಗೆಮನೆಯ ಸಾಮಾನು ಎಲ್ಲಕ್ಕಿಂತ ಕೆಳಗಿನದು ಎಂದು ಪಂಡಿತರು ಮೆಟ್ಟಿಲು ಕಟ್ಟಿದ್ದ ಕಾಲ ಅದು. ಅಂಥದರಲ್ಲಿ ಈ ಮೀನಿನ ಮುಂದೆ ಅಕಾಡೆಮಿಯ ಸದಸ್ಯರೇ ಕೆಲವರು ನಿಂತರು. ನೀನು ಅರ್ಜಿ ಹಾಕು ಎಂದರು. ಅದೇ ವರ್ಷ ಸೆಪ್ಟೆಂಬರ್ 25ರಂದು ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರನೆಂದು ಅಕಾಡೆಮಿ ಅವನನ್ನು ಸೇರಿಸಿಕೊಂಡಿತು. ಮುಂದೆ 1755ರಲ್ಲಿ ಅವನು ಅಲ್ಲಿನ ಖಜಾಂಚಿಯಾದ. ಸಲೋನಿನಲ್ಲಿ ಯಾರ ಚಿತ್ರ ಎಲ್ಲಿ ತೂಗಬೇಕು ಎಂದು ನಿರ್ಧರಿಸುವ ಹೊಣೆಯೂ ಅವನ ಪಾಲಿಗೆ ಬಂತು. ಆ ಮೀನು ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ.

ಈ ಕತೆಯಿಂದ ಬೀದಿಗೆ ಇಳಿದವರಿಗೆಲ್ಲ ಭಾಗ್ಯ ಖುಲಾಯಿಸುತ್ತದೆ ಎಂದು ಹೇಳಲಾಗದು. ಆ ಚೌಕದಲ್ಲಿ ವರ್ಷವರ್ಷವೂ ಚಿತ್ರ ತೂಗಿದವರಲ್ಲಿ ನಮಗೆ ಇವತ್ತು ಹೆಸರು ಗೊತ್ತಿರುವವರು ಬೆರಳೆಣಿಕೆಯಷ್ಟು. ನನಗೆ ಮುಖ್ಯವೆನಿಸುವುದು ಬೇರೆ. ಶಾರ್ದಾಂ ಬೀದಿಗೆಂದು ಮೂರು ಮೊಳ ನೇಯಲಿಲ್ಲ. ತನ್ನಲ್ಲಿದ್ದ ಅತ್ಯುತ್ತಮವಾದದ್ದನ್ನೇ ಬಿಸಿಲಿಗೆ ತಂದ.

ಇದರ ಇನ್ನೊಂದು ಮಗ್ಗುಲು ನಮ್ಮ ದೇಶದ್ದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯ ಕಾಳಿಘಾಟ್ ಗುಡಿಯ ಸುತ್ತ ಪಟುವಾ ಚಿತ್ರಕಾರರು ನೆಲೆಯೂರಿದರು. ಊರುಗಳಲ್ಲಿ ಉದ್ದನೆಯ ಸುರುಳಿಗಳ ಮೇಲೆ ಕತೆ ಬರೆಯುತ್ತಿದ್ದ ಕುಲದವರು ಅವರು. ಇಲ್ಲಿ ಯಾತ್ರಿಕರು ಮನೆಗೊಯ್ಯುವ ನೆನಪಿಗೆ ಒಂದೆರಡು ಕಾಸಿನ ಚಿತ್ರ ಬೇಕಾಗಿತ್ತು. ಅಗ್ಗದ ಗಿರಣಿ ಕಾಗದ, ನೀರಿನ ಬಣ್ಣ, ಹಿನ್ನೆಲೆ ಖಾಲಿ. ಅವಸರವೇ ಅವರಿಗೆ ಗುರುವಾಯಿತು. ಒಂದೇ ಉಸಿರಿಗೆ ಎಳೆದ ದುಂಡನೆಯ ಗೆರೆಯನ್ನು ಅದು ಕಲಿಸಿತು. ದೇವರ ಜೊತೆಗೆ ಶೋಕಿಯ ಬಾಬುಗಳು ಬಂದರು, 1873ರಲ್ಲಿ ಬಂಗಾಳವನ್ನೆಲ್ಲ ಅಲುಗಿಸಿದ ತಾರಕೇಶ್ವರದ ಕೊಲೆಯೂ ಬಂತು. ಆದರೆ ಬೆಲೆಯೊಂದನ್ನೇ ನಂಬಿದ ಅಂಗಡಿಗೆ ಅದಕ್ಕಿಂತ ಅಗ್ಗದ ಅಂಗಡಿ ಎದುರಾಗದೆ ಇರುತ್ತದೆಯೆ? ಅಚ್ಚಿನ ಬಣ್ಣದ ಪಟಗಳು ಬಂದವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೈಬರಹದ ಪಟ ಕಣ್ಮರೆಯಾಯಿತು. ಅವನ್ನು ಈಗ ದೊಡ್ಡ ಸಂಗ್ರಹಾಲಯಗಳು ಗಾಜಿನೊಳಗೆ ಇಟ್ಟಿವೆ. ಬರೆದವರ ಹೊಟ್ಟೆಗೆ ಅದರಿಂದ ಏನೂ ಆಗಲಿಲ್ಲ. ಅವಸರದ ಕೆಲಸ ಕೀಳಾಗಲೇಬೇಕಿಲ್ಲ ಎಂಬುದು ಅಲ್ಲಿನ ಒಂದು ಪಾಠ. ಬರೀ ಅಗ್ಗದ ಬಲದ ಮೇಲೆ ಬದುಕಲಾಗದು ಎಂಬುದು ಇನ್ನೊಂದು.

ನಮ್ಮ ಚಿತ್ರಸಂತೆಯ ವಯಸ್ಸು ಇವುಗಳ ಮುಂದೆ ಬಹಳ ಚಿಕ್ಕದು. 1960ರಲ್ಲಿ ಸ್ಥಾಪನೆಯಾದ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಇದನ್ನು ಆರಂಭಿಸಿತು. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳನ್ನು ತಡೆದು, ಎರಡೂ ಬದಿಗೆ ಕಲಾವಿದರು ಕೂರುತ್ತಾರೆ. ಗ್ಯಾಲರಿಯ ಮೆಟ್ಟಿಲು ಹತ್ತಲು ಅಳುಕುವ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಾರೆ. ಕೊರೋನಾದಿಂದಾಗಿ 2021ರಲ್ಲಿ ಇಡೀ ಸಂತೆ ಕಂಪ್ಯೂಟರಿನ ಪರದೆಗೆ ಹೋಯಿತು. ಚಿತ್ರ ಕಾಣುತ್ತಿತ್ತು, ನೋಡುವವನ ಮುಖ ಕಾಣುತ್ತಿರಲಿಲ್ಲ. ಬೀದಿಯಲ್ಲಿ ನಿಜವಾಗಿ ಸಿಗುವುದೇನು ಎಂಬುದು ಆಗ ಸ್ಪಷ್ಟವಾಯಿತು.

ನಾನು ಅಲ್ಲಿ ಮೂರು ಸಲ ಕೂತಿದ್ದೇನೆ. ಬೆಳಗಿನ ಇಬ್ಬನಿಗೆ ಕಾಗದ ಮೆತ್ತಗಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಜಲವರ್ಣವನ್ನು ಒಡ್ಡಲು ಜೀವ ಒಪ್ಪುವುದಿಲ್ಲ, ಗಾಳಿ ಎದ್ದರೆ ಎರಡು ಕೈ ಸಾಲವು. ಚಿತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಬಹಳ. ‘ಚೌಕಟ್ಟು ಬಿಟ್ಟು ಎಷ್ಟಕ್ಕೆ ಕೊಡ್ತೀರಿ?’ ಎನ್ನುವವರು ಕೆಲವರು. ಮೂರು ಸಲದ ಮಾರಾಟವನ್ನು ಕೂಡಿಸಿದರೆ ಹೋಗಿಬಂದ ಖರ್ಚಿಗೆ ಸರಿಯಾದೀತು, ಲಾಭವಿಲ್ಲ. ಆದರೆ ಒಂದು ಸಲ ನನ್ನ ಕುಣಿಮಗ್ಗದ ಚಿತ್ರದ ಮುಂದೆ ಒಬ್ಬ ಮುದುಕರು ನಿಂತರು. ಮಾತಿಲ್ಲ. ಸ್ವಲ್ಪ ಹೊತ್ತಿಗೆ ಅವರ ಬಲಗಾಲು ತನ್ನಷ್ಟಕ್ಕೆ ತಾನೇ, ಕುಣಿಯಲ್ಲಿ ಕೂತು ಮಗ್ಗ ತುಳಿಯುವವರ ಹಾಗೆ, ಮೇಲೆ ಕೆಳಗೆ ಆಡತೊಡಗಿತು. ಕೊಳ್ಳದೆ ಹೋದರು. ಗ್ಯಾಲರಿಯ ಪುಸ್ತಕದಲ್ಲಿ ಬರೆದ ಯಾವ ಹೊಗಳಿಕೆಯೂ ನನಗೆ ಆ ಕಾಲಿನಷ್ಟು ಹೇಳಿಲ್ಲ.

ಅಪ್ಪನ ಸಂತೆಗೂ ಈ ಸಂತೆಗೂ ಒಂದು ವ್ಯತ್ಯಾಸವಿದೆ. ಅಲ್ಲಿ ಕೊಂಡವಳು ಎಂಟು ದಿನಕ್ಕೆ ತಿರುಗಿ ಬರುತ್ತಾಳೆ. ಇಲ್ಲಿ ಕೊಂಡವನ ಮುಖ ಮತ್ತೆ ಕಾಣುವುದೇ ಅಪರೂಪ. ಕೇಳುವವರಿಲ್ಲದ ಕಡೆ ಮೂರು ಮೊಳ ನೇಯುವ ಆಸೆ ಸಹಜ. ಹೋದ ವರ್ಷ ಮಾರಿದ್ದು ಬುದ್ಧನ ಮುಖವಾದರೆ ಈ ವರ್ಷ ಹತ್ತು ಬುದ್ಧರು ಸಿದ್ಧವಾಗುತ್ತಾರೆ. ಆದ್ದರಿಂದ ಅಳತೆಗೋಲನ್ನು ಕಲಾವಿದ ಮನೆಯಿಂದಲೇ ಒಯ್ಯಬೇಕು. ಸಂತೆಯೇ ಇರದಿದ್ದರೂ ಈ ಚಿತ್ರ ಬರೆಯುತ್ತಿದ್ದೆನೆ ಎಂದು ಕೇಳಿಕೊಳ್ಳಬೇಕು. ಹೌದು ಎಂಬ ಉತ್ತರ ಬರುವಂಥವು ಒಂದು ಗೋಡೆ ತುಂಬುವಷ್ಟು ಇದ್ದರೆ ಹೋಗಬೇಕು. ಖರ್ಚನ್ನು ಲಾಭ ತರುವ ಬಂಡವಾಳವೆಂದು ತಿಳಿಯದೆ, ಸಾವಿರ ಅಪರಿಚಿತ ಕಣ್ಣುಗಳಿಗೆ ಕೊಟ್ಟ ಬೆಲೆಯೆಂದು ತಿಳಿಯಬೇಕು. ಆ ಬೆಲೆ ಮನೆಯ ಅನ್ನಕ್ಕೆ ಕೈಹಾಕುವಂತಿದ್ದರೆ ಒಂದು ವರ್ಷ ತಡೆದರೂ ನಷ್ಟವಿಲ್ಲ. ಸಂತೆ ಮತ್ತೆ ಬರುತ್ತದೆ.

ಹುಡುಗನನ್ನು ಕರೆಸಿ ಅವನ ಚಿತ್ರಗಳನ್ನು ನೋಡಿದೆ. ಬೆಟಗೇರಿಯ ಓಣಿಗಳು, ಬಾಗಿಲಲ್ಲಿ ಕೂತ ಮುದುಕಿಯರು; ಹನ್ನೊಂದು ಚಿತ್ರ, ಯಾವುದನ್ನೂ ಯಾರಿಗೋಸ್ಕರವೂ ಬರೆದದ್ದಲ್ಲ. ಮೊದಲು ಮಗಳ ಫೀಸು ಕಟ್ಟು, ಆಮೇಲೆ ಅರ್ಜಿ ಹಾಕು, ಗಾಜು ಬೇಡ, ತೆಳು ಚೌಕಟ್ಟು ಸಾಕು, ನನ್ನ ಸ್ಟ್ಯಾಂಡು ಒಯ್ಯಿ ಎಂದೆ. ‘ನೀವು ಬರೂದಿಲ್ಲೇನ್ರಿ?’ ಎಂದ. ಈ ವರ್ಷ ನನ್ನ ಕೈಯಿಂದ ಆದದ್ದು ನಾಲ್ಕೇ ಚಿತ್ರ. ಉಳಿದ ಜಾಗ ತುಂಬಿಸಲು ಕೂತರೆ ಅವು ಮೂರು ಮೊಳವೇ ಆಗುತ್ತವೆ. ನಾನು ನೋಡುವವನಾಗಿ ಬರುತ್ತೇನೆ ಎಂದು ಹೇಳಿದ್ದೇನೆ.