ನೀಲನಕ್ಷೆಯಲ್ಲಿ ಇಲ್ಲದ ಹೆಸರುಗಳು

ನಮ್ಮ ಮಸ್ಕಿಯ ಬಂಡೆಗೆ ಹೆಸರಿನ ಬೆಲೆ ಗೊತ್ತು. ಬೇರೆ ಕಡೆಯ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇದ್ದ ಅರಸನಿಗೆ ‘ಅಶೋಕ’ ಎಂಬ ಹೆಸರನ್ನು ಗಟ್ಟಿಮಾಡಿ ಕೊಟ್ಟದ್ದು, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಈ ಕಲ್ಲು. ಧರ್ಮದ ಫಲ ದೊಡ್ಡವರಿಗಷ್ಟೇ ಅಂತ ತಿಳಿಯಬೇಡಿ, ಸಣ್ಣವರಿಗೂ ಅದು ಸಿಗುತ್ತದೆ ಅಂತ ಅದೇ ಕಲ್ಲು ಸಾರುತ್ತದೆ. ಅರಸನ ಹೆಸರೇನೋ ಸಿಕ್ಕಿತು. ಸಣ್ಣವರ ಹೆಸರು?

ಗೆಳೆಯರೇ, ಈ ಪ್ರಶ್ನೆಯನ್ನು ವಿಜ್ಞಾನದ ಚರಿತ್ರೆಗೂ ಕೇಳಬೇಕಾಗಿದೆ.

1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ನೀಲಿ ಅಚ್ಚಿನ ವಿದ್ಯೆ ಕಂಡುಹಿಡಿದರು. ಅದಕ್ಕೆ ಸಯನೋಟೈಪ್ ಅನ್ನುತ್ತಾರೆ. ಕಬ್ಬಿಣದ ಎರಡು ಲವಣಗಳನ್ನು ನೀರಲ್ಲಿ ಕಲಸಿ, ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಬೇಕು. ಮೇಲೊಂದು ಎಲೆ ಇಟ್ಟು ಬಿಸಿಲಿಗೆ ಹಿಡಿದು, ನೀರಲ್ಲಿ ತೊಳೆದರೆ ಬಿಸಿಲು ಬಿದ್ದ ಜಾಗ ಕಡುನೀಲಿ, ಎಲೆ ಮುಚ್ಚಿದ ಜಾಗ ಬಿಳಿ. ಮರುವರ್ಷವೇ ಅನ್ನಾ ಅಟ್ಕಿನ್ಸ್ ಎಂಬ ಹೆಣ್ಣುಮಗಳು ಸಮುದ್ರದ ಪಾಚಿಗಳನ್ನು ಹೀಗೆ ಅಚ್ಚುಮಾಡಿ ಪುಸ್ತಕ ಹೊರತರಲು ತೊಡಗಿದರು. ಫೋಟೋ ಚಿತ್ರಗಳಿದ್ದ ಮೊದಲ ಪುಸ್ತಕ ಅದು. ಹತ್ತು ವರ್ಷದ ದುಡಿಮೆ. ಮುನ್ನುಡಿಯ ಕೆಳಗೆ ಇದ್ದದ್ದು ‘ಎ.ಎ.’ ಎಂಬ ಎರಡಕ್ಷರ. ಮುಂದೆ ಒಬ್ಬ ಸಂಗ್ರಾಹಕ ಅದನ್ನು ‘ಅನಾನಿಮಸ್ ಅಮೆಚೂರ್’, ಅಂದರೆ ಹೆಸರಿಲ್ಲದ ಹವ್ಯಾಸಿ, ಎಂದು ಓದಿಬಿಟ್ಟ!

ಅದೇ ನೀಲಿ ಕಾಗದ ಆಮೇಲೆ ಎಂಜಿನಿಯರರ ಕೈಸೇರಿತು. ನಾವು ಮಾತುಮಾತಿಗೆ ಆಡುವ ‘ನೀಲನಕ್ಷೆ’ ಹುಟ್ಟಿದ್ದು ಅಲ್ಲಿಂದ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ಹರಿಯಿತು. 227 ಕಿಲೋಮೀಟರಿನ ಎಡದಂಡೆ ಕಾಲುವೆ ಸಿಂಧನೂರು ಸೀಮೆಯ ಜೋಳದ ಹೊಲವನ್ನು ಭತ್ತದ ಗದ್ದೆ ಮಾಡಿತು. ನಕ್ಷೆ ಬರೆದವರ ಹೆಸರು ಕಡತದಲ್ಲಿ ಉಳಿಯಿತು. ಮಣ್ಣಿನ ಬುಟ್ಟಿ ಹೊತ್ತ ಅವ್ವಂದಿರ ಹೆಸರು ಯಾವ ನಕ್ಷೆಯ ಮೂಲೆಯಲ್ಲಿದೆ?

ಓದಿದ ಹೆಣ್ಣುಮಕ್ಕಳ ಗತಿಯಾದರೂ ಏನಾಯಿತು? 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಬಾಗಿಲಿಗೆ ಬಂದ ಕಮಲಾ ಭಾಗವತರನ್ನು, ಮುಂದೆ ಕಮಲಾ ಸೊಹೋನಿ ಎನಿಸಿದವರನ್ನು, ಹೆಣ್ಣು ಎಂಬ ಕಾರಣಕ್ಕೆ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಹಟ ಹಿಡಿದರು. ಷರತ್ತಿನ ಮೇಲೆ ಒಳಗೆ ಹೋದರು. 1939ರಲ್ಲಿ ಕೇಂಬ್ರಿಜ್ ಡಾಕ್ಟರೇಟ್ ಗಳಿಸಿದರು. ಅದೇ ಸಂಸ್ಥೆಯಲ್ಲಿ ವಜ್ರ ಸೂಸುವ ಬೆಳಕನ್ನು ಅಭ್ಯಾಸ ಮಾಡಿದ ಅನ್ನಾ ಮಣಿ 1945ರಲ್ಲಿ ಪ್ರಬಂಧ ಮುಗಿಸಿದರೂ, ಎಂ.ಎಸ್ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಕನ್ನಡತಿ ರಾಜೇಶ್ವರಿ ಚಟರ್ಜಿ ಅಮೆರಿಕದಲ್ಲಿ ಓದಿ, 1953ರಲ್ಲಿ ಮರಳಿ, ಅಲ್ಲೇ ಮೈಕ್ರೋವೇವ್ ವಿದ್ಯೆ ಕಲಿಸಿದರು. ನಮ್ಮ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು?

ಇವರ ಹೋರಾಟ ದೊಡ್ಡದು. ಆದರೂ ಒಂದು ಮಾತು ಕೇಳಲೇಬೇಕು. ಕಮಲಾ ಅವರ ಅಪ್ಪ ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿದವರು. ಅಂಥ ಮನೆಯ ಮಗಳಿಗೇ ಬಾಗಿಲು ಹಾಕಿದರೆಂದರೆ ಕೇರಿಯ ಹುಡುಗಿ ಆ ಬಾಗಿಲ ತನಕ ಹೋಗುವುದು ಹ್ಯಾಂಗ? ಆಕೆಗೆ ಊರಿನ ಶಾಲೆಯ ಬಾಗಿಲೇ ತೆರೆದಿರಲಿಲ್ಲ. ಯಾವ ಕಾಳು ಬೀಜಕ್ಕೆ ಇಡಬೇಕು, ಯಾವ ಸೊಪ್ಪು ಮದ್ದು, ಅಡ್ಡ ತಿರುಗಿದ ಕೂಸನ್ನು ಹ್ಯಾಂಗ ಹೊರಗೆ ತರಬೇಕು ಅಂತ ಬಲ್ಲ ಸೂಲಗಿತ್ತಿಯ ಅರಿವನ್ನು ಯಾರು ವಿಜ್ಞಾನ ಅಂದರು?

ಮರೆತುಹೋದ ವಿಜ್ಞಾನಿ ಹೆಣ್ಣುಮಕ್ಕಳ ಮುಖಗಳನ್ನು ಈ ನೀಲಿ ಅಚ್ಚಿನಲ್ಲಿ ಕೈಯಾರೆ ಮೂಡಿಸುವ ಕಲಾವಿದರು ಈಗ ಇದ್ದಾರೆ. ಆ ಕೆಲಸ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಶಾಲೆಗಳಲ್ಲೂ ಆಗಲಿ. ಬೇಕಾದದ್ದು ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್, ಕಾಗದ, ನೀರು. ಪುಡಿ ಕಲಸುವ ಕೆಲಸ ಮೇಷ್ಟ್ರೇ ಮಾಡಲಿ, ಕೈಗೆ ಗವಸು ಇರಲಿ. ಬಿಸಿಲಿಗೆ ನಮ್ಮ ಜಿಲ್ಲೆಯಲ್ಲಿ ಬರವೇ? ಕಮಲಾ, ಅನ್ನಾ ಮಣಿ, ರಾಜೇಶ್ವರಿಯವರ ಜೊತೆಗೆ, ಅಜ್ಜಿ ಬೀಜಕ್ಕೆ ಇಟ್ಟ ಜೋಳದ ತೆನೆ, ಸೂಲಗಿತ್ತಿ ಅರೆದ ಸೊಪ್ಪು ಇವೂ ಅಚ್ಚಾಗಲಿ. ಕೆಳಗೆ ‘ಒಬ್ಬ ಹಳ್ಳಿ ಹೆಂಗಸು’ ಅಂತ ಬರೆಯಬೇಡಿ. ಆಕೆಯನ್ನೇ ಕೇಳಿ ಹೆಸರು, ಊರು, ಬಲ್ಲ ವಿದ್ಯೆ ಮೂರನ್ನೂ ಬರೆಸಿ.