ಹುಬ್ಬಳ್ಳಿ–ಧಾರವಾಡದ ಸಂಗೀತ ವರ್ಷ: ಬರಲಿರುವ ಕಛೇರಿಗಳಿಗೊಂದು ಕೇಳುಗರ ಕೈಪಿಡಿ

ಮುಂಗಾರು ಹಿಡಿದ ಮೇಲೆ ಹುಬ್ಬಳ್ಳಿ–ಧಾರವಾಡ ಅವಳಿನಗರದಲ್ಲಿ ಸಂಗೀತದ ಋತುವೂ ಆರಂಭವಾಗುತ್ತದೆ. ಜೂನ್ ತಿಂಗಳಿನಿಂದ ಮಾರ್ಚ್‌ವರೆಗೆ ಒಂದಾದ ಮೇಲೊಂದು ಕಛೇರಿಗಳು ನಡೆಯುತ್ತವೆ. ನಡುನಡುವೆ ನಾಟಕ, ವಚನಗಾಯನ, ಜನಪದ ಕಲೆಗಳ ಪ್ರದರ್ಶನಗಳೂ ಇರುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಪ್ರವೇಶಧನವಿಲ್ಲ. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಹೀಗಿದ್ದರೂ ಯಾವ ಕಾರ್ಯಕ್ರಮ ಯಾವಾಗ, ಎಲ್ಲಿ, ಯಾರ ಸ್ಮರಣೆಗೆ ನಡೆಯುತ್ತದೆ ಎಂಬ ತಿಳಿವಳಿಕೆಯಿಲ್ಲದೆ ಅನೇಕರು ಇವುಗಳಿಂದ ದೂರ ಉಳಿಯುತ್ತಾರೆ. ಭಕ್ತರಿಗೂ ಕಲಾಸಕ್ತರಿಗೂ ನೆರವಾಗಲೆಂದು ವರ್ಷದ ಈ ಸಂಗೀತಚಕ್ರವನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ.

ಸ್ಮರಣೆಯ ದಿನಗಳೇ ಪಂಚಾಂಗ

ಬೇರೆ ಊರುಗಳಲ್ಲಿ ಸಂಗೀತೋತ್ಸವಗಳು ಸಾಮಾನ್ಯವಾಗಿ ಹಬ್ಬಹರಿದಿನಗಳನ್ನು ಅನುಸರಿಸುತ್ತವೆ. ನಮ್ಮ ಭಾಗದಲ್ಲಿ ಅವು ಬಹುಮಟ್ಟಿಗೆ ಗವಾಯಿಗಳ ಜನ್ಮದಿನ ಮತ್ತು ಪುಣ್ಯಸ್ಮರಣೆಯನ್ನು ಅನುಸರಿಸುತ್ತವೆ. ಆದ್ದರಿಂದ ಕೆಲವು ದಿನಾಂಕಗಳನ್ನು ನೆನಪಿಟ್ಟುಕೊಂಡರೆ ಬರಲಿರುವ ಕಾರ್ಯಕ್ರಮಗಳ ಸುಳಿವು ತಾನಾಗಿಯೇ ಸಿಗುತ್ತದೆ.

ಜೂನ್: ಗಾನಯೋಗಿ ಪಂಚಾಕ್ಷರಿ ಗವಾಯಿಗಳು 1944ರ ಜೂನ್ ತಿಂಗಳಲ್ಲಿ ಲಿಂಗೈಕ್ಯರಾದರು. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಈ ಜನ್ಮಾಂಧ ಗಾಯಕರು ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಪರಿಣತರಾಗಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರ ಸ್ಮರಣೆ ನಡೆಯುತ್ತದೆ. ಗದಗ ಹುಬ್ಬಳ್ಳಿಯಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದಲ್ಲಿದೆ.

ಜುಲೈ 21: ಒಂದೇ ದಿನಾಂಕ ಇಬ್ಬರು ಮಹನೀಯರನ್ನು ನೆನಪಿಸುತ್ತದೆ. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಪಂಡಿತ ಬಸವರಾಜ ರಾಜಗುರು ಅವರು 1991ರಲ್ಲಿ ಈ ದಿನ ನಿಧನರಾದರು. ಕಿರಾನಾ ಘರಾಣೆಯ ಡಾ. ಗಂಗೂಬಾಯಿ ಹಾನಗಲ್ ಅವರು 2009ರಲ್ಲಿ ಇದೇ ದಿನ ಅಗಲಿದರು.

ಸೆಪ್ಟೆಂಬರ್ 12 ಮತ್ತು 17: ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು, ಪಂಡಿತ ಮಲ್ಲಿಕಾರ್ಜುನ ಮನ್ಸೂರ ಅವರು 1992ರ ಸೆಪ್ಟೆಂಬರ್ 12ರಂದು ನಿಧನರಾದರು. ಇದಾದ ಐದು ದಿನಗಳಿಗೆ, ಅಂದರೆ ಸೆಪ್ಟೆಂಬರ್ 17ಕ್ಕೆ, 2010ರಲ್ಲಿ ಲಿಂಗೈಕ್ಯರಾದ ಡಾ. ಪುಟ್ಟರಾಜ ಗವಾಯಿಗಳ ಪುಣ್ಯಸ್ಮರಣೆ ಬರುತ್ತದೆ. ನಮ್ಮ ಭಾಗದ ಸಂಗೀತ ವರ್ಷದಲ್ಲಿ ಈ ವಾರಕ್ಕೆ ವಿಶೇಷ ಸ್ಥಾನವಿದೆ.

ಡಿಸೆಂಬರ್ ಕೊನೆ ಮತ್ತು ಜನವರಿ: ಡಿಸೆಂಬರ್ 31 ಮನ್ಸೂರರ ಜನ್ಮದಿನ, ಅವರು 1910ರಲ್ಲಿ ಧಾರವಾಡದ ಬಳಿಯ ಮನಸೂರ ಗ್ರಾಮದಲ್ಲಿ ಜನಿಸಿದರು. ಜನವರಿ 24 ಭಾರತರತ್ನ ಪಂಡಿತ ಭೀಮಸೇನ ಜೋಶಿಯವರು 2011ರಲ್ಲಿ ಅಗಲಿದ ದಿನ. ಜನವರಿ 31 ವರಕವಿ ದ.ರಾ. ಬೇಂದ್ರೆಯವರ ಜನ್ಮದಿನವಾದ್ದರಿಂದ, ಆ ಹೊತ್ತಿಗೆ ಸಾಧನಕೇರಿಯತ್ತ ಸಾಹಿತ್ಯಪ್ರಿಯರ ಗಮನ ಹರಿಯುತ್ತದೆ.

ಫೆಬ್ರವರಿ–ಮಾರ್ಚ್: ಮಹಾಶಿವರಾತ್ರಿಯ ಹೊತ್ತಿಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠದ ಜಾತ್ರೆ ಬರುತ್ತದೆ. ಉತ್ತರ ಕರ್ನಾಟಕದ ಜಾತ್ರೆಯ ಕಾಲವೆಂದರೆ ಭಜನೆ, ಕಂಪನಿ ನಾಟಕ, ಬಯಲಾಟಗಳ ಕಾಲವೂ ಹೌದು. ಮಾರ್ಚ್ 5 ಗಂಗೂಬಾಯಿ ಹಾನಗಲ್ ಅವರ ಜನ್ಮದಿನ.

ಒಂದು ಎಚ್ಚರಿಕೆಯ ಮಾತು. ಸ್ಮರಣೆಯ ದಿನ ನಿಶ್ಚಿತವಾಗಿದ್ದರೂ ಕಾರ್ಯಕ್ರಮವು ಭಾನುವಾರದ ಅನುಕೂಲಕ್ಕೋ ಸಭಾಭವನದ ಲಭ್ಯತೆಗೋ ತಕ್ಕಂತೆ ಹಿಂದುಮುಂದಾಗುವುದುಂಟು. ಪತ್ರಿಕೆಗಳ ಸ್ಥಳೀಯ ಪುಟದಲ್ಲಿ ಬರುವ ದಿನದ ಕಾರ್ಯಕ್ರಮಗಳ ಪಟ್ಟಿಯನ್ನು ನೋಡಿ ಖಚಿತಪಡಿಸಿಕೊಂಡೇ ಹೊರಡುವುದು ಒಳಿತು.

ಎಲ್ಲಿ ನಡೆಯುತ್ತವೆ?

ಧಾರವಾಡದಲ್ಲಿ ಕೇಳುಗರು ತಿಳಿದಿರಬೇಕಾದ ಸ್ಥಳಗಳು ಮುಖ್ಯವಾಗಿ ಮೂರು. ‘ಸೃಜನಾ’ ಎಂದು ಹೆಸರಾದ ಅಣ್ಣಾಜಿರಾವ್ ಸಿರೂರ ರಂಗಮಂದಿರ ಒಂದು. ಆಲೂರು ವೆಂಕಟರಾವ್ ಸಾಂಸ್ಕೃತಿಕ ಭವನ ಇನ್ನೊಂದು. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಭವನ ಮತ್ತೊಂದು. ನಾಟಕಾಸಕ್ತರು ಧಾರವಾಡ ರಂಗಾಯಣದ ಪ್ರಯೋಗಗಳನ್ನೂ ಗಮನಿಸುತ್ತಿರಬೇಕು. ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವ ಕಲಾಭವನವಿದೆ. ಉಣಕಲ್ಲಿನ ಗಂಗೂಬಾಯಿ ಹಾನಗಲ್ ಗುರುಕುಲದಲ್ಲಿ ಗುರುವಿನ ಸನ್ನಿಧಿಯಲ್ಲೇ ಇದ್ದು ಕಲಿಯುವ ಪದ್ಧತಿಯನ್ನು ಉಳಿಸಿಕೊಳ್ಳಲಾಗಿದೆ. ಮನೆಯಿಂದ ಹೊರಡಲಾಗದ ಹಿರಿಯರಿಗೆ 1950ರಿಂದ ಪ್ರಸಾರ ನಡೆಸುತ್ತಿರುವ ಧಾರವಾಡ ಆಕಾಶವಾಣಿ ಆಸರೆಯಾಗಿದೆ. ಮನ್ಸೂರರು ಅದರ ಸಂಗೀತ ಸಲಹೆಗಾರರಾಗಿದ್ದರೆಂಬುದು ಸ್ಮರಣೀಯ.

ಹುಬ್ಬಳ್ಳಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಕುಂದಗೋಳವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಸವಾಯಿ ಗಂಧರ್ವರ ಊರು ಅದು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡರು. ಮನೆ ಬಿಟ್ಟು ಗುರುವನ್ನು ಅರಸುತ್ತ ಅಲೆದ ಬಾಲಕ ಭೀಮಸೇನನಿಗೆ ಕೊನೆಗೆ ಗುರು ದೊರೆತದ್ದೂ ಅವರಲ್ಲಿಯೇ. ಅಲ್ಲಿಯ ನಾಡಿಗೇರ ವಾಡೆ ಸಂಗೀತದ ಆಶ್ರಯತಾಣವೆಂದು ಹೆಸರಾಗಿದೆ. ಸವಾಯಿ ಗಂಧರ್ವರ ಸ್ಮರಣೆಗೆ ಕುಂದಗೋಳದಲ್ಲಿ ಅಹೋರಾತ್ರಿ ಸಂಗೀತ ನಡೆಸುವ ಪರಂಪರೆಯಿದೆ.

ಅಹೋರಾತ್ರಿ ಏಕೆ?

ಇಡೀ ರಾತ್ರಿ ಹಾಡುವುದು ಕೇವಲ ಉತ್ಸಾಹದ ಮಾತಲ್ಲ, ಅದಕ್ಕೊಂದು ಕಾರಣವಿದೆ. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ವೇಳೆಯ ನಿಯಮವುಂಟು. ಭೈರವ, ತೋಡಿ ಬೆಳಗಿನವು. ಸಾರಂಗದ ಪ್ರಕಾರಗಳು ಮಧ್ಯಾಹ್ನದವು. ಮುಲ್ತಾನಿ ಇಳಿಹೊತ್ತಿನದು. ಮಾರವಾ, ಪೂರಿಯಾ ಸಂಜೆಗತ್ತಲಿನವು. ಯಮನ್ ರಾತ್ರಿಯ ಮೊದಲ ಜಾವದ್ದು. ಮಾಲಕಂಸ, ದರಬಾರಿ ರಾತ್ರಿ ಏರಿದ ಮೇಲಿನವು. ಲಲಿತ ರಾಗ ಬೆಳಕು ಹರಿಯುವ ಮುನ್ನಿನದು. ಕಛೇರಿ ಸಂಜೆ ಆರಕ್ಕೆ ಆರಂಭವಾಗಿ ರಾತ್ರಿ ಒಂಬತ್ತಕ್ಕೆ ಮುಗಿಯುವುದಾದರೆ, ಈ ಸಂಪತ್ತಿನಲ್ಲಿ ಒಂದು ಪಾಲು ಮಾತ್ರ ಕೇಳುಗರ ಕಿವಿಗೆ ಬೀಳುತ್ತದೆ. ಲಲಿತವನ್ನು ಅದರ ಹೊತ್ತಿನಲ್ಲೇ ಎದುರು ಕುಳಿತು ಕೇಳಬೇಕೆಂದರೆ ರಾತ್ರಿ ಕಳೆಯಲೇಬೇಕು, ಇಲ್ಲವೇ ಪ್ರಾತಃಕಾಲದ ಕಛೇರಿಗೆ ಹೋಗಬೇಕು. ಆದ್ದರಿಂದ ಎಲ್ಲಿಯಾದರೂ ಬೆಳಗಿನ ಗಾಯನ ಅಥವಾ ಅಹೋರಾತ್ರಿ ಸಂಗೀತದ ಪ್ರಕಟಣೆ ಕಂಡರೆ ಅದನ್ನು ತಪ್ಪಿಸಿಕೊಳ್ಳಬಾರದೆಂಬುದು ನಮ್ಮ ಸಲಹೆ. ಬೆಳಗಿನ ಜಾವದ ಪೂಜೆಗೆ ಏಳುವ ಮನೆಗಳಿಗೆ ಆ ಹೊತ್ತಿನ ಮೌನ ಹೊಸದೇನಲ್ಲ.

ವಚನಗಾಯನದ ಎಳೆ

ಮನ್ಸೂರರ ಆತ್ಮಕಥೆ ‘ನನ್ನ ರಸಯಾತ್ರೆ’. ಜೈಪುರ–ಅತ್ರೌಲಿ ಘರಾಣೆಯ ಅಪರೂಪದ ರಾಗಗಳಿಗೆ ಹೆಸರಾಗಿದ್ದ ಅವರು ಅದೇ ತಾಲೀಮಿನ ಕಂಠದಲ್ಲಿ ಶರಣರ ವಚನಗಳನ್ನೂ ಹಾಡಿದರು. ರಾಜಗುರು ಅವರೂ ವಚನಗಳನ್ನು ಹಾಡಿ ಜನಪ್ರಿಯಗೊಳಿಸಿದರು. ಇಂತಹ ಗವಾಯಿಗಳಿಂದಾಗಿ ಶಾಸ್ತ್ರೀಯ ಕಛೇರಿಯ ಕೊನೆಗೆ ವಚನ ಹಾಡುವುದು ನಮ್ಮ ಭಾಗದಲ್ಲಿ ರೂಢಿಗೆ ಬಂದಿತು. ಕೆಲವರು ಆ ಕೊನೆಯ ವಚನಕ್ಕಾಗಿಯೇ ಕಾಯುತ್ತಾರೆ, ಅದಕ್ಕೆ ಮುಂಚಿನ ವಿಲಂಬಿತ ಖಯಾಲವನ್ನು ಸಹಿಸಿಕೊಳ್ಳುತ್ತಾರೆ. ಇದು ಸರಿಯಲ್ಲವೆಂದು ನಮ್ಮ ಭಾವನೆ. ಒಂದು ಗಂಟೆಯ ರಾಗಸಾಧನೆಯಿಂದ ಹದಗೊಂಡ ಸ್ವರವೇ ವಚನದ ನುಡಿಗೆ ಆ ತೂಕವನ್ನು ಕೊಡುತ್ತದೆ. ಮೊದಲಿನದನ್ನು ಕೇಳದವರಿಗೆ ಕೊನೆಯದು ಅರ್ಧ ಮಾತ್ರ ದಕ್ಕುತ್ತದೆ.

ಮೊದಲ ಗಂಟೆಯ ಖಾಲಿ ಕುರ್ಚಿಗಳು

ಈ ಕೈಪಿಡಿಯ ಮುಖ್ಯ ಮಾತನ್ನು ಈಗ ಹೇಳಬೇಕಾಗಿದೆ. ಪದ್ಧತಿಯಂತೆ ಕಛೇರಿಯ ಮೊದಲ ಅವಧಿಯನ್ನು ಕಿರಿಯ ಕಲಾವಿದರಿಗೆ ಕೊಡುತ್ತಾರೆ, ಹಿರಿಯರು ಕೊನೆಗೆ ಹಾಡುತ್ತಾರೆ. ನಾವು ಕಂಡ ಅನೇಕ ಕಾರ್ಯಕ್ರಮಗಳಲ್ಲಿ ಆ ಮೊದಲ ಗಂಟೆ ಮುಂದಿನ ಎರಡು ಸಾಲುಗಳಲ್ಲಿ ಮಾತ್ರ ಜನರಿರುತ್ತಾರೆ. ಅವರಲ್ಲಿಯೂ ಹೆಚ್ಚಿನವರು ಗಾಯಕನ ಮನೆಯವರು ಮತ್ತು ಗುರುಬಂಧುಗಳು. ಹಿರಿಯರು ವೇದಿಕೆಗೆ ಬರುವ ಹೊತ್ತಿಗೆ ಸಭೆ ತುಂಬುತ್ತದೆ.

ಹತ್ತು ಹನ್ನೆರಡು ವರ್ಷ ಗುರುವಿನ ಬಳಿ ಕುಳಿತು ಕಲಿತ ಯುವಕನೋ ಯುವತಿಯೋ ಖಾಲಿ ಕುರ್ಚಿಗಳಿಗೆ ಹಾಡಬೇಕಾಗುವುದು ನೋವಿನ ಸಂಗತಿ. ಗುರು ಸ್ವರವನ್ನು ತಿದ್ದಬಲ್ಲರು, ತಾಳವನ್ನು ತಿದ್ದಬಲ್ಲರು. ಸಭೆಯ ಮುಂದೆ ರಾಗವನ್ನು ಹೇಗೆ ಹರಡಬೇಕು, ಎಲ್ಲಿ ನಿಲ್ಲಬೇಕು ಎಂಬ ಪಾಠವನ್ನು ಕೇಳುಗರು ಮಾತ್ರ ಕಲಿಸಬಲ್ಲರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದಾಗ ಗಂಗೂಬಾಯಿಯವರು ಇನ್ನೂ ಬಾಲಕಿ. ಇಂದು ನಾವು ಪುಣ್ಯಸ್ಮರಣೆ ಮಾಡುವ ಪ್ರತಿಯೊಬ್ಬ ಗವಾಯಿಯೂ ಒಂದು ಕಾಲಕ್ಕೆ ಹೆಸರಿಲ್ಲದ ಕಿರಿಯರಾಗಿದ್ದರು. ಅವರ ಮುಂದೆ ಆಗ ಯಾರೋ ಕುಳಿತು ಕೇಳಿದ್ದರು. ಹಿರಿಯರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ಅವರ ವಿದ್ಯೆಯನ್ನು ಹೊತ್ತು ನಿಂತ ಕಿರಿಯರಿಗೆ ಬೆನ್ನು ತೋರುವುದು ಸ್ಮರಣೆಯೆನಿಸಲಾರದು.

ಕೇಳುಗರಿಗೆ ಕೆಲವು ಸೂಚನೆಗಳು

ನಿಗದಿತ ವೇಳೆಗೆ ಹತ್ತು ನಿಮಿಷ ಮೊದಲೇ ಹೋಗಿರಿ. ತಂಬೂರಿ ಶ್ರುತಿಗೂಡುವುದನ್ನು ಕೇಳುತ್ತ ಕುಳಿತರೆ ಕಿವಿ ತಾನಾಗಿ ಸಿದ್ಧವಾಗುತ್ತದೆ.

ಏಳಬೇಕಾದರೆ ಒಂದು ರಾಗ ಮುಗಿದು ಇನ್ನೊಂದು ಆರಂಭವಾಗುವ ನಡುವೆ ಏಳಿರಿ. ವಿಲಂಬಿತ ಆಲಾಪದ ಹೊತ್ತಿನಲ್ಲಿ ಕುರ್ಚಿಯ ಸಪ್ಪಳವೂ ದೊಡ್ಡದಾಗಿ ಕೇಳುತ್ತದೆ.

ಮೊಬೈಲನ್ನು ನಿಶ್ಶಬ್ದದಲ್ಲಿಡುವುದಷ್ಟೇ ಸಾಲದು. ಕತ್ತಲ ಸಭೆಯಲ್ಲಿ ಅದರ ಬೆಳಕು ಹಿಂದೆ ಕುಳಿತವರ ಏಕಾಗ್ರತೆಯನ್ನು ಕೆಡಿಸುತ್ತದೆ.

ರಾಗ ತಿಳಿಯದೆಂದು ಹಿಂಜರಿಯಬೇಡಿರಿ. ತಬಲಾ ಠೇಕೆಯಲ್ಲಿ ‘ಸಮ’ ಬರುವ ಸ್ಥಳವನ್ನು ಗುರುತಿಸಲು ಯತ್ನಿಸಿರಿ. ಗಾಯಕರು ಎಲ್ಲೆಲ್ಲೋ ಸಂಚರಿಸಿ ಅಲ್ಲಿಗೇ ಬಂದು ಸೇರುವುದನ್ನು ಕಂಡುಕೊಂಡವರಿಗೆ ಖಯಾಲದ ಅರ್ಧ ಬಾಗಿಲು ತೆರೆದಂತೆ.

ತಬಲಾ ಮತ್ತು ಪೇಟಿಯ ಸಾಥ್ ನೀಡಿದವರ ಹೆಸರನ್ನೂ ಗಮನಿಸಿರಿ. ಕಾರ್ಯಕ್ರಮ ಮುಗಿದ ಮೇಲೆ ಅವರಿಗೂ ಒಂದು ಮೆಚ್ಚುಗೆಯ ಮಾತು ಸಲ್ಲಲಿ.

ಮಕ್ಕಳನ್ನು ಕರೆತನ್ನಿರಿ, ಅವರು ಅರ್ಧಕ್ಕೆ ದಣಿದರೆ ವಿರಾಮದಲ್ಲಿ ಕರೆದುಕೊಂಡು ಹೋಗಿರಿ. ಒಂದೇ ರಾಗ ಕೇಳಿದರೂ ಅದು ಅವರೊಳಗೆ ಉಳಿಯುತ್ತದೆ.

ಪ್ರವೇಶ ಉಚಿತವೆಂದರೆ ವೆಚ್ಚವಿಲ್ಲವೆಂದಲ್ಲ. ಸಭಾಭವನದ ಬಾಡಿಗೆ, ಧ್ವನಿವ್ಯವಸ್ಥೆ, ಕಲಾವಿದರ ಸಂಭಾವನೆ ಇವೆಲ್ಲವನ್ನೂ ಸಂಘಟಕರು ದಾನಿಗಳಿಂದ ಕೂಡಿಸಿರುತ್ತಾರೆ. ಶಕ್ತಿಯಿದ್ದವರು ಕೈಜೋಡಿಸಬೇಕು. ಶಕ್ತಿಯಿಲ್ಲದವರು ವೇಳೆಗೆ ಸರಿಯಾಗಿ ಬಂದು ಕುಳಿತರೂ ಅದೇ ದೊಡ್ಡ ದಾಸೋಹ. ಬರಲಿರುವ ಋತುವಿನಲ್ಲಿ ಪ್ರತಿಯೊಂದು ಮನೆಯವರೂ ಒಂದಾದರೂ ಕಛೇರಿಗೆ ಹೋಗಲಿ, ಅದರಲ್ಲಿಯೂ ಮೊದಲು ಹಾಡುವವರಿಂದಲೇ ಕೇಳಲಿ ಎಂದು ಹಾರೈಸುತ್ತೇವೆ.