ಎಕ್ಸ್‌ಪೆರಿಮೆಂಟಾ

ಎಕ್ಸ್‌ಪೆರಿಮೆಂಟಾ ಪ್ರಯೋಗಶೀಲ ಸಿನಿಮಾಕ್ಕೆಂದೇ ಮೀಸಲಾದ ಭಾರತೀಯ ಚಲನಚಿತ್ರೋತ್ಸವ. ಶಾಯ್ ಹೆರೆಡಿಯಾ ಇದನ್ನು 2003ರಲ್ಲಿ ಮುಂಬೈಯಲ್ಲಿ ಆರಂಭಿಸಿದರು. ಮುಂದೆ ಬೆಂಗಳೂರಿಗೆ ನೆಲೆ ಬದಲಿಸಿ ಎರಡು ವರ್ಷಕ್ಕೊಮ್ಮೆ ನಡೆಯತೊಡಗಿತು. ಕಥೆಯ ಹಂಗಿಲ್ಲದೆ ಬಿಂಬ, ಲಯ, ಧ್ವನಿಗಳನ್ನೇ ನೆಚ್ಚಿ ಕವಿತೆಯ ಹಾಗೆ ಕಟ್ಟಿದ ಚಿತ್ರಗಳು, ಹೆಚ್ಚಾಗಿ ಒಬ್ಬಿಬ್ಬರೇ ಸೇರಿ ಸ್ವತಂತ್ರವಾಗಿ ಮಾಡಿದವು, ಇದರ ಕ್ಷೇತ್ರ.

ಇಂಥ ಸಿನಿಮಾ ಭಾರತಕ್ಕೆ ಹೊರಗಿನಿಂದ ಬಂದದ್ದು ಎಂಬ ನಂಬಿಕೆ ಬಹುಕಾಲ ಇತ್ತು. ಉತ್ಸವದ ದೊಡ್ಡ ಕೆಲಸವೆಂದರೆ, ಮುಂಬೈಯಲ್ಲೇ ಅದಕ್ಕೊಂದು ಪೂರ್ವಚರಿತ್ರೆ ಇದೆಯೆಂದು ತೋರಿಸಿದ್ದು. ಆ ಚರಿತ್ರೆಯ ಮೊದಲ ಎಳೆ ಸಿಕ್ಕಿದ್ದು ಸರ್ಕಾರಿ ಇಲಾಖೆಯೊಂದರಲ್ಲಿ! 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್‌ನ ಕಿರುಚಿತ್ರಗಳನ್ನು ಚಿತ್ರಮಂದಿರಗಳಲ್ಲಿ ಮುಖ್ಯಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸಬೇಕಿತ್ತು. ಪ್ರೇಕ್ಷಕರು ಅವನ್ನು ಸಹಿಸಿಕೊಳ್ಳುತ್ತಿದ್ದರು, ಅಷ್ಟೆ. 1960ರ ದಶಕದ ನಡುವೆ ಜಹಾಂಗೀರ್ ಭೌನಗರಿ ಎರಡನೆಯ ಬಾರಿ ಅಲ್ಲಿಗೆ ಸಲಹೆಗಾರರಾಗಿ ಬಂದಾಗ ಇಲಾಖೆಯ ಒಳಗಿನವರಿಗೂ ಹೊರಗಿನ ಕಲಾವಿದರಿಗೂ ಪ್ರಯೋಗದ ಸ್ವಾತಂತ್ರ್ಯ ಸಿಕ್ಕಿತು. ಚಿತ್ರಕಾರ ಎಂ. ಎಫ್. ಹುಸೇನ್ ರಾಜಸ್ಥಾನದಲ್ಲಿ ತೆಗೆದ, ವಿವರಣೆಯ ದನಿಯೇ ಇಲ್ಲದ 'ಥ್ರೂ ದಿ ಐಸ್ ಆಫ್ ಎ ಪೇಂಟರ್' 1967ರ ಬರ್ಲಿನ್ ಉತ್ಸವದಲ್ಲಿ ಕಿರುಚಿತ್ರದ ಸ್ವರ್ಣ ಕರಡಿ ಪ್ರಶಸ್ತಿ ಪಡೆಯಿತು. ಅದೇ ವರ್ಷ ಎಸ್. ಎನ್. ಎಸ್. ಶಾಸ್ತ್ರಿ 'ಐ ಆ್ಯಮ್ 20'ರಲ್ಲಿ ಸ್ವಾತಂತ್ರ್ಯದ ವರ್ಷ ಹುಟ್ಟಿದ ತರುಣ ತರುಣಿಯರನ್ನು ಮಾತಾಡಿಸಿದರು.

ಇವರೆಲ್ಲರಿಗಿಂತ ದಿಟ್ಟನಾದವನು ಪ್ರಮೋದ್ ಪಾಟಿ. ಪ್ರಾಗ್‌ನಲ್ಲಿ ಬೊಂಬೆ ಅನಿಮೇಷನ್ ಕಲಿತು ಬಂದ ಈತ 'ಎಕ್ಸ್‌ಪ್ಲೋರರ್' (1968) ಚಿತ್ರದಲ್ಲಿ ಯುವಜನರ ಕುಣಿತವನ್ನೂ ಧಾರ್ಮಿಕ ಚಿಹ್ನೆಗಳನ್ನೂ ಕಣ್ಣು ಕೋರೈಸುವ ವೇಗದಲ್ಲಿ ಹೆಣೆದ. ಕುಟುಂಬ ಯೋಜನೆಯ ಪ್ರಚಾರಕ್ಕೆಂದು ಮಾಡಿದ 'ಕ್ಲಾಕ್ಸ್‌ಪ್ಲೋಷನ್' ಕೂಡ ಪ್ರಯೋಗವೇ ಆಯಿತು. ಕಲಾವಿದ ಆಬಿದ್ ಸುರತಿಯನ್ನು ಕುರಿತ 'ಆಬಿದ್' (1972) ಚಿತ್ರದಲ್ಲಿ ಜೀವಂತ ಮನುಷ್ಯನನ್ನೇ ಬೊಂಬೆಯಂತೆ ಚೌಕಟ್ಟು ಚೌಕಟ್ಟಾಗಿ ಚಲಿಸುವಂತೆ ಮಾಡಿದ. 1975ರಲ್ಲಿ ಪಾಟಿ ಅಕಾಲ ಮರಣ ಹೊಂದಿದ ಮೇಲೆ ಈ ಚಿತ್ರಗಳು ಬಹುಮಟ್ಟಿಗೆ ಮರೆಗೆ ಸರಿದವು.

ಆ ಪೂರ್ವಚರಿತ್ರೆಯ ಎರಡನೆಯ ಎಳೆ ಚಿತ್ರಕಾರರದು. ಅಕ್ಬರ್ ಪದಮ್‌ಸೀ ತಮಗೆ ಸಿಕ್ಕ ನೆಹರೂ ಫೆಲೋಶಿಪ್ಪಿನ ಹಣದಿಂದ 1969ರಲ್ಲಿ ಮುಂಬೈಯ ನೇಪಿಯನ್ ಸೀ ರಸ್ತೆಯಲ್ಲಿ 'ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್' ತೆರೆದರು. ಗೆರೆಗಳಷ್ಟೇ ಚಲಿಸುವ ಅವರ ಮೂಕಚಿತ್ರ 'ಸಿಜಿಜಿ' (1970) ಅಲ್ಲಿ ತಯಾರಾಯಿತು. ಅವರ ಇನ್ನೊಂದು ಚಿತ್ರ 'ಈವೆಂಟ್ಸ್ ಇನ್ ಎ ಕ್ಲೌಡ್ ಚೇಂಬರ್'ನ ಒಂದೇ ಒಂದು ಪ್ರತಿ ಕಳೆದುಹೋಯಿತು. ನಳಿನಿ ಮಲಾನಿಯವರ ಆರಂಭದ ಚಿತ್ರಗಳೂ ಅಲ್ಲಿಯವೇ. ತಯ್ಯಬ್ ಮೆಹತಾ ಬಾಂದ್ರಾದ ಕಸಾಯಿಖಾನೆಯ ದೃಶ್ಯಗಳನ್ನು ಬಳಸಿ 'ಕೂಡಲ್' (1970) ಮಾಡಿದ್ದು ಮಾತ್ರ ಫಿಲ್ಮ್ಸ್ ಡಿವಿಷನ್‌ಗಾಗಿ.

ಎಕ್ಸ್‌ಪೆರಿಮೆಂಟಾ ಹುಟ್ಟಿದ ಹೊತ್ತಿಗೆ ಮುಂಬೈಯ ಕಿರುಚಿತ್ರ ವಲಯ ಬೇರೊಂದು ಜಗಳದಲ್ಲಿತ್ತು. ಫಿಲ್ಮ್ಸ್ ಡಿವಿಷನ್ 1990ರಿಂದ ನಡೆಸುತ್ತಿದ್ದ ಮುಂಬೈ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಭಾರತೀಯ ಚಿತ್ರಗಳು ಸೆನ್ಸಾರ್ ಪತ್ರ ತರಬೇಕೆಂಬ ಷರತ್ತು ಬಂತು. ಪ್ರತಿಭಟನೆಯಿಂದ ಷರತ್ತು ಹೋಯಿತಾದರೂ ಹಲವು ರಾಜಕೀಯ ಸಾಕ್ಷ್ಯಚಿತ್ರಗಳು ಆಯ್ಕೆಯಾಗಲಿಲ್ಲ. ಇದನ್ನು ವಿರೋಧಿಸಿ 2004ರಲ್ಲಿ ನಿರ್ದೇಶಕರು ಪ್ರಭಾದೇವಿಯ ಭೂಪೇಶ್ ಗುಪ್ತಾ ಭವನದಲ್ಲಿ 'ವಿಕಲ್ಪ್' ಎಂಬ ಪರ್ಯಾಯ ಉತ್ಸವ ನಡೆಸಿದರು. ವಿಕಲ್ಪ್‌ನ ಹಟ ಹೇಳುವ ವಿಷಯದ ಬಗ್ಗೆ, ಎಕ್ಸ್‌ಪೆರಿಮೆಂಟಾದ ಹಟ ಹೇಳುವ ರೀತಿಯ ಬಗ್ಗೆ. ಎರಡನ್ನೂ ಒಂದೇ ಚಳವಳಿಯೆಂದು ಬಗೆಯುವುದು ಸರಿಯಲ್ಲ.

ಬೆಂಗಳೂರಿನಲ್ಲಿ ಉತ್ಸವಕ್ಕೆ ಇಂದಿರಾನಗರದ ಮ್ಯಾಕ್ಸ್ ಮ್ಯುಲರ್ ಭವನದ ಆಸರೆ ಸಿಕ್ಕಿತು. ದೇಶವಿದೇಶಗಳ ಹೊಸ ಕೃತಿಗಳ ಜೊತೆಗೆ ಹಳೆಯ ಭಾರತೀಯ ಪ್ರಯೋಗಗಳನ್ನೂ ತೋರಿಸುವುದು ಅದರ ರೂಢಿ. ಹೆರೆಡಿಯಾ ಸ್ವತಃ ಚಿತ್ರ ನಿರ್ದೇಶಕಿ. ಶುಮೋನಾ ಗೋಯೆಲ್ ಜೊತೆಗೂಡಿ ಚಿತ್ರಕಾರ ಎಫ್. ಎನ್. ಸೋಜಾರ ಕುರಿತು ಮಾಡಿದ 'ಆ್ಯನ್ ಓಲ್ಡ್ ಡಾಗ್ಸ್ ಡೈರಿ' 2015ರ ಲಂಡನ್ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ಕಿರುಚಿತ್ರವೆನಿಸಿತು.

ಉತ್ಸವ ಬೆಂಗಳೂರಿಗೆ ಹೋದ ಮೇಲೂ ಮುಂಬೈಯಲ್ಲಿ ಪ್ರಯೋಗಶೀಲ ಸಿನಿಮಾದ ಆಸಕ್ತಿ ಬತ್ತಲಿಲ್ಲ. 2012ರಲ್ಲಿ ಪೆಡರ್ ರಸ್ತೆಯ ಫಿಲ್ಮ್ಸ್ ಡಿವಿಷನ್ ಕಟ್ಟಡದಲ್ಲೇ 'ಎಫ್‌ಡಿ ಜೋನ್' ಎಂಬ ಉಚಿತ ಪ್ರದರ್ಶನ ಸರಣಿ ಶುರುವಾಗಿ ಸಂಗ್ರಹದ ಚಿತ್ರಗಳು ಮತ್ತೆ ತೆರೆ ಕಂಡವು. ಪದಮ್‌ಸೀಯವರ ಕಳೆದುಹೋದ ಚಿತ್ರದ ಬೆನ್ನುಹತ್ತಿ ಅಶೀಮ್ ಅಹ್ಲುವಾಲಿಯಾ 2016ರಲ್ಲಿ ಅದೇ ಹೆಸರಿನ ಚಿತ್ರ ಮಾಡಿದರು. 2022ರಲ್ಲಿ ಫಿಲ್ಮ್ಸ್ ಡಿವಿಷನ್ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಮುಂಬೈ ಅಂತರರಾಷ್ಟ್ರೀಯ ಉತ್ಸವವನ್ನು ಈಗ ಆ ನಿಗಮವೇ ನಡೆಸುತ್ತದೆ.